ಬಂದರು ಮತ್ತು ಬಾವಿ: ಮಾಲ್ಟಾವನ್ನು ನೋಡುವ ಒಂದು ಬಗೆ



ಹೊರನಾಡೊಂದರ ಚರಿತ್ರೆಯನ್ನು ಅಲ್ಲಿಗೆ ಹೋಗಿ ಬಂದವರು ಹೇಳಬೇಕೆಂಬುದು ಈ ದತ್ತಿ ಉಪನ್ಯಾಸದ ಕರಾರು. ನಾನು ಆರಿಸಿಕೊಂಡಿರುವುದು ಮಾಲ್ಟಾ. ಮೆಡಿಟರೇನಿಯನ್ ಸಮುದ್ರದ ನಟ್ಟನಡುವೆ, ಸಿಸಿಲಿಯಿಂದ ತೆಂಕಣಕ್ಕೆ ಸುಮಾರು 90 ಕಿಲೋಮೀಟರ್ ದೂರದಲ್ಲಿರುವ ಈ ದೇಶದ ಒಟ್ಟು ವಿಸ್ತೀರ್ಣ 316 ಚದರ ಕಿಲೋಮೀಟರ್. ನಮ್ಮ ಬೆಂಗಳೂರು ಮಹಾನಗರದ ಅರ್ಧದಷ್ಟೂ ಆಗುವುದಿಲ್ಲ. ಜನವಸತಿ ಇರುವುದು ಮೂರು ದ್ವೀಪಗಳಲ್ಲಿ: ಮಾಲ್ಟಾ, ಗೋಜೋ, ಕೊಮಿನೋ. ಕೊಮಿನೋದಲ್ಲಿ ಬೆರಳೆಣಿಕೆಯಷ್ಟು ಮಂದಿ ಮಾತ್ರ. ಮೂರೂ ಸೇರಿ ಜನಸಂಖ್ಯೆ ಐದು ಲಕ್ಷದ ಮೇಲಿದೆ.

ಇಷ್ಟು ಸಣ್ಣ ಜಾಗಕ್ಕೆ ಫಿನಿಷಿಯನ್ನರು, ಕಾರ್ಥೇಜಿನವರು, ರೋಮನ್ನರು, ಬೈಜಾಂಟೀನರು, ಅರಬರು, ನಾರ್ಮನ್ನರು, ಸ್ಪೇನಿನ ಅರಸರು, ಸಂತ ಜಾನರ ನೈಟರು, ಫ್ರೆಂಚರು, ಬ್ರಿಟಿಷರು ಸರದಿಯಂತೆ ಬಂದು ಹೋದರು. ಪ್ರವಾಸಿ ಪುಸ್ತಕಗಳು ಈ ಪಟ್ಟಿಯನ್ನೇ ಮಾಲ್ಟಾದ ಚರಿತ್ರೆ ಎನ್ನುತ್ತವೆ. ಇದರಲ್ಲಿ ನನಗೆ ತಕರಾರಿದೆ. ಬಂದವರ ಹೆಸರುಗಳನ್ನು ಎಷ್ಟೇ ಓದಿದರೂ ಅವರೆಲ್ಲ ಯಾಕೆ ಬಂದರು, ಅವರು ಬರುವ ಮೊದಲೂ ಹೋದ ಮೇಲೂ ಅಲ್ಲೇ ಇದ್ದವರು ಹೇಗೆ ಬದುಕಿದರು ಎಂಬುದು ತಿಳಿಯುವುದಿಲ್ಲ. ಆ ದ್ವೀಪದ ಕಥೆಯನ್ನು ಇಂದಿಗೂ ನಡೆಸುತ್ತಿರುವ ಸಂಗತಿಗಳು ಎರಡು ಎಂಬುದು ನನ್ನ ವಾದ. ಒಂದು, ದೇವರು ಅದಕ್ಕೆ ಕೊಟ್ಟ ಬಂದರು. ಇನ್ನೊಂದು, ಕೊಡದೆ ಬಿಟ್ಟ ನದಿ.

ಬಂದರನ್ನು ನೋಡಲು ರಾಜಧಾನಿ ವಲೆಟ್ಟಾದ ಮೇಲಿನ ಬರಾಕ್ಕಾ ತೋಟಕ್ಕೆ ಹೋಗಬೇಕು. ಕಲ್ಲಿನ ಕಮಾನುಗಳ ಸಾಲಿನಾಚೆ ಕೆಳಗೆ ಗ್ರ್ಯಾಂಡ್ ಹಾರ್ಬರ್ ಹರಡಿಕೊಂಡಿದೆ. ನೆಲವನ್ನು ಕೊರೆದು ಒಳಗೆ ಬಂದ ಕಡಲು, ಆಳವಾದ ನೀರು, ಎದುರು ದಡದಲ್ಲಿ ಬೆರಳುಗಳಂತೆ ಚಾಚಿಕೊಂಡ ಭೂಶಿರಗಳು. ಊರಿನ ಇನ್ನೊಂದು ಪಕ್ಕದಲ್ಲಿ ಇಂಥದೇ ಮತ್ತೊಂದು ಬಂದರು. ಮೆಡಿಟರೇನಿಯನ್ನಿನ ಪೂರ್ವಾರ್ಧ ಮತ್ತು ಪಶ್ಚಿಮಾರ್ಧ ಕೂಡುವ ಜಾಗದಲ್ಲಿ, ಬಿರುಗಾಳಿಗೂ ಶತ್ರುವಿಗೂ ಬೆನ್ನು ಕೊಟ್ಟು ಹಡಗುಗಳು ನಿಲ್ಲಬಹುದಾದ ಇಂಥ ತಾಣ ಯಾವ ಸೇನಾಪತಿಯ ಕಣ್ಣಿಗೆ ಬೀಳದೆ ಇದ್ದೀತು?

ನೀರಿನ ಕಥೆ ಬೇರೆ. ಮಾಲ್ಟಾದಲ್ಲಿ ನದಿಯಿಲ್ಲ, ಕೆರೆಯಿಲ್ಲ. ಮಳೆ ಬೀಳುವುದು ಹೆಚ್ಚಾಗಿ ಅಕ್ಟೋಬರಿನಿಂದ ಮಾರ್ಚಿನವರೆಗೆ. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಆಕಾಶ ಬರಿದು. ನೆಲ ಮೆತ್ತನೆಯ ಸುಣ್ಣದಕಲ್ಲು, ಜೇನಿನ ಬಣ್ಣದ್ದು. ಗರಗಸದಲ್ಲಿ ಕೊಯ್ಯಬಹುದು, ಉಳಿಯಲ್ಲಿ ಕೆತ್ತಬಹುದು. ಆದ್ದರಿಂದ ಮನೆ ಕಟ್ಟುವವನು ಮೊದಲು ನೆಲದೊಳಗೆ ತೊಟ್ಟಿ ಕೊರೆಯುತ್ತಿದ್ದ. ಸೂರಿನ ಮೇಲೆ ಬಿದ್ದ ಮಳೆ ಅಲ್ಲಿಗಿಳಿಯಬೇಕು. ಕತ್ತಿನ ಹತ್ತಿರ ಕಿರಿದಾಗಿ ಒಳಗೆ ಗಂಟೆಯಂತೆ ಅಗಲವಾಗುವ ಈ ತೊಟ್ಟಿಗಳನ್ನು ಅವರು ಬಾವಿಯೆಂದೇ ಕರೆಯುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

ಬಂದರಿನ ಸೊಗಸು, ಬಾವಿಯ ಬಡತನ ಎರಡನ್ನೂ ಒಟ್ಟಿಗೆ ಕಂಡು ಬರೆದಿಟ್ಟ ಹಳೆಯ ವರದಿಯೊಂದಿದೆ. 1522ರ ಕೊನೆಗೆ ಆಟೊಮನ್ ಸುಲ್ತಾನ ಸುಲೇಮಾನನಿಗೆ ರೋಡ್ಸ್ ದ್ವೀಪವನ್ನು ಬಿಟ್ಟುಕೊಟ್ಟ ಸಂತ ಜಾನರ ನೈಟರು ನೆಲೆಯಿಲ್ಲದೆ ಅಲೆಯುತ್ತಿದ್ದರು. ಯೂರೋಪಿನ ಕುಲೀನ ಮನೆತನಗಳ ಮಕ್ಕಳು ಸೇರಿದ್ದ, ಸನ್ಯಾಸದ ವ್ರತ ಹೊತ್ತೂ ಕತ್ತಿ ಹಿಡಿದಿದ್ದ, ಜೊತೆಗೆ ಆಸ್ಪತ್ರೆಯನ್ನೂ ನಡೆಸುತ್ತಿದ್ದ ಕ್ರೈಸ್ತ ಪಂಥ ಅದು. ಚಕ್ರವರ್ತಿ ಐದನೆಯ ಚಾರ್ಲ್ಸ್ ಅವರಿಗೆ ಮಾಲ್ಟಾವನ್ನು ಕೊಡಲು ಮುಂದೆ ಬಂದ. ಒಪ್ಪಿಕೊಳ್ಳುವ ಮೊದಲು ನೈಟರು 1524ರಲ್ಲಿ ಎಂಟು ಜನರನ್ನು ಕಳಿಸಿ ಜಾಗ ನೋಡಿಸಿದರು. ಹೋದವರು ಹೇಳಿದ್ದರ ಸಾರ ಇಷ್ಟು: ಇದೊಂದು ಮೆತುಗಲ್ಲಿನ ಬಂಡೆ, ಮೇಲೆ ತೆಳ್ಳಗೆ ಮಣ್ಣು, ಹರಿಯುವ ನೀರಿಲ್ಲ, ಮಳೆನೀರನ್ನು ತುಂಬಿಟ್ಟುಕೊಂಡು ಕುಡಿಯುತ್ತಾರೆ, ಸೌದೆಯನ್ನು ತೂಕಕ್ಕೆ ಮಾರುತ್ತಾರೆ, ಜನ ಅಡಿಗೆ ಮಾಡುವುದು ಒಣಗಿಸಿದ ಸಗಣಿಯಿಂದ, ಮುಳ್ಳುಗಿಡದಿಂದ. ಬಂದರುಗಳು ಮಾತ್ರ ಬಲು ಚೆನ್ನ. ಬೆರಣಿ ಒಲೆಯ ಹೊಗೆಗೆ ಆ ಕುಲೀನರು ಮೂಗು ಮುಚ್ಚಿಕೊಂಡಿರಬೇಕು. ಆದರೂ ಬಂದರೇ ಗೆದ್ದಿತು. 1530ರಲ್ಲಿ ನೈಟರು ದ್ವೀಪವನ್ನು ಪಡೆದರು. ವರ್ಷಕ್ಕೊಂದು ಡೇಗೆಹಕ್ಕಿ ಅದರ ಕಾಣಿಕೆ. ದ್ವೀಪದ ಜನರನ್ನು ಯಾರೂ ಕೇಳಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಇಲ್ಲಿಂದ ನಾಲ್ಕೈದು ಸಾವಿರ ವರ್ಷ ಹಿಂದಕ್ಕೆ ಹೋಗೋಣ. ದಾರಿ ತೋರಿಸುವುದೂ ಬಾವಿಯೇ.

1902ರಲ್ಲಿ ಗ್ರ್ಯಾಂಡ್ ಹಾರ್ಬರಿನ ಹತ್ತಿರದ ಪವೋಲಾ ಊರಿನಲ್ಲಿ ಹೊಸ ಮನೆಗಳ ಸಾಲು ಏಳುತ್ತಿತ್ತು. ವಾಡಿಕೆಯಂತೆ ಕೂಲಿಗಳು ಬಾವಿ ಕೊರೆಯುತ್ತಿದ್ದರು. ಉಳಿ ಬಂಡೆಯನ್ನು ತೂತು ಮಾಡಿ ಟೊಳ್ಳಿಗೆ ಬಿತ್ತು. ಕೆಳಗಿದ್ದದ್ದು ಕಲ್ಲಿನಲ್ಲಿ ಕೊರೆದ ಕೋಣೆ. ಅದರ ಕೆಳಗೆ ಇನ್ನೊಂದು ಅಂತಸ್ತು, ಅದರಡಿಗೆ ಮತ್ತೊಂದು. ಕೆಲಸ ನಿಂತುಹೋದೀತೆಂಬ ಭಯಕ್ಕೆ ಅವರು ಮನೆ ಮುಗಿಯುವ ತನಕ ಸುದ್ದಿಯನ್ನು ಬಾಯಿಬಿಡಲಿಲ್ಲ. ಸಿಕ್ಕಿದ ಪೊಳ್ಳಿಗೆ ಕಟ್ಟಡದ ಕಸ ಸುರಿದರು. ಇದೇ ಇಂದು ಲೋಕವೆಲ್ಲ ತಿಳಿದಿರುವ ಹಾಲ್ ಸಫ್ಲಿಯೇನಿಯ ಹೈಪೊಜಿಯಂ. ಕ್ರಿ.ಪೂ. 4000ದಿಂದ 2500ರವರೆಗೆ ಬಳಕೆಯಲ್ಲಿದ್ದ ನೆಲದಡಿಯ ಶವಾಲಯ.

ಮೊದಲು ಉತ್ಖನನ ಮಾಡಿಸಿದವರು ಜೆಸುಯಿಟ್ ಪಾದ್ರಿ ಮನುವೆಲ್ ಮಗ್ರಿ. ಅವರು 1907ರಲ್ಲಿ ಟ್ಯುನೀಷಿಯಾದಲ್ಲಿ ತೀರಿಕೊಂಡರು. ಬರೆದಿಟ್ಟ ಟಿಪ್ಪಣಿಗಳು ಕಳೆದುಹೋದವು. ಚರಿತ್ರೆ ಓದುವ ವಿದ್ಯಾರ್ಥಿಗಳು ಇದನ್ನು ಕೇಳಿ ಕೈ ಹಿಸುಕಿಕೊಳ್ಳಬೇಕು. ಮುಂದುವರಿಸಿದವರು ತೆಮಿ ಝಮ್ಮಿತ್. ಅವರು ವೃತ್ತಿಯಿಂದ ವೈದ್ಯರು. ಮಾಲ್ಟಾ ಜ್ವರವೆಂದು ಹೆಸರಾಗಿದ್ದ ಕಾಯಿಲೆಗೆ ಮೂಲ ಮೇಕೆ ಎಂದು 1905ರಲ್ಲಿ ಮೇಕೆಯ ರಕ್ತವನ್ನು ಪರೀಕ್ಷಿಸಿ ಕಂಡುಕೊಂಡವರೂ ಅವರೇ. ಆಗ ಅಲ್ಲಿ ಮೇಕೆಗಳನ್ನು ಮನೆಬಾಗಿಲಿಗೇ ಹೊಡೆದುಕೊಂಡು ಬಂದು ಹಾಲು ಕರೆದು ಕೊಡುತ್ತಿದ್ದರು. ಮೇಕೆಯ ಹಾಲಿನಲ್ಲಿ ರೋಗಾಣು, ಬಾವಿಯ ತಳದಲ್ಲಿ ಪೂರ್ವಜರು. ಜನಕ್ಕೆ ದಿನಬಳಕೆಯಾಗಿದ್ದುದರೊಳಗೆ ಕೈಹಾಕಿ ಹುಡುಕಿದ ಮನುಷ್ಯ ಅವರು. ಹೈಪೊಜಿಯಂನಲ್ಲಿ ಸುಮಾರು 7,000 ಜನರ ಮೂಳೆಗಳಿದ್ದವೆಂಬುದು ಅವರ ಅಂದಾಜು.

ಈಗ ಅಲ್ಲಿಗೆ ಹೋಗಬೇಕೆಂದರೆ ವಾರಗಟ್ಟಲೆ ಮೊದಲೇ ಟಿಕೆಟ್ ಕಾದಿರಿಸಬೇಕು. ಒಮ್ಮೆಗೆ ಹತ್ತೇ ಜನ, ದಿನಕ್ಕೆ 80. ನಮ್ಮ ಉಸಿರಿನ ತೇವಕ್ಕೇ ಗೋಡೆಯ ಬಣ್ಣ ಅಳಿದೀತೆಂಬ ಎಚ್ಚರ. ಚೀಲ, ಫೋನು ಎಲ್ಲ ಹೊರಗೆ. ಲೋಹದ ಕಾಲುಹಾದಿಯ ಮೇಲೆ ಕೆಳಗಿಳಿಯುತ್ತಾ ಹೋದರೆ ದೀಪಗಳು ಒಂದೊಂದಾಗಿ ಹೊತ್ತಿ ನಾವು ದಾಟಿದ ಮೇಲೆ ಆರುತ್ತವೆ. ಚಾವಣಿಯಲ್ಲಿ ಕಾವಿಯಿಂದ ಬರೆದ ಸುರುಳಿಗಳು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಧ್ಯದ ಅಂತಸ್ತಿನ ಕೋಣೆಯೊಂದು. ನೆಲದ ಮೇಲಿನ ಗುಡಿಗಳಲ್ಲಿ ಒಂದರ ಮೇಲೊಂದು ಕಲ್ಲುಗಳನ್ನು ತುಸುತುಸುವೇ ಒಳಕ್ಕೆ ಚಾಚಿ ಸೂರು ಮುಚ್ಚುತ್ತಿದ್ದರಲ್ಲ, ಆ ನೋಟವನ್ನೇ ಇಲ್ಲಿ ಇಡಿಯ ಬಂಡೆಯೊಳಗೆ ಕೆತ್ತಿದ್ದಾರೆ. ಕಂಬ ಬೇಕಿಲ್ಲದ ಕಡೆ ಕಂಬ, ತೊಲೆಯಿಲ್ಲದ ಕಡೆ ತೊಲೆ. ಲೋಹದ ಉಪಕರಣವಿಲ್ಲದ ಕಾಲದಲ್ಲಿ, ಕೊಂಬು, ಚಕಮಕಿ ಕಲ್ಲು, ಜ್ವಾಲಾಮುಖಿಯ ಗಾಜುಗಲ್ಲುಗಳಿಂದ ಕೆತ್ತಿದ್ದು. ಸತ್ತವರಿಗೂ ಬದುಕಿದವರ ಗುಡಿಯಂಥದೇ ಮನೆ ಬೇಕೆನಿಸಿತ್ತೇನೋ. ಇಲ್ಲಿ ಸಿಕ್ಕಿದ ಮಲಗಿದ ಹೆಂಗಸಿನ ಮಣ್ಣಿನ ಮೂರ್ತಿ ವಲೆಟ್ಟಾದ ಪುರಾತತ್ತ್ವ ಸಂಗ್ರಹಾಲಯದಲ್ಲಿದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಉದ್ದ 12 ಸೆಂಟಿಮೀಟರ್. ದಪ್ಪ ಮೈ, ಬಲಮಗ್ಗುಲು, ತಲೆಯಡಿಗೆ ಕೈ. ಭಾರಕ್ಕೆ ಮಂಚ ಜಗ್ಗಿರುವುದನ್ನೂ ಆ ಕುಶಲಕರ್ಮಿ ಬಿಟ್ಟಿಲ್ಲ.

ನೆಲದ ಮೇಲಿನ ಗುಡಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಗೋಜೋದ ಜ್ಗಾಂತಿಯಾ ಕ್ರಿ.ಪೂ. 3600ರ ಸುಮಾರಿನದು, ಅಂದರೆ ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಸಾವಿರ ವರ್ಷ ಹಿರಿಯದು. ಇಮ್ನೈದ್ರಾದ ಕೆಳಗುಡಿಯ ಬಾಗಿಲಿಗೆ ಹಗಲುರಾತ್ರಿ ಸಮನಾಗುವ ದಿನ ಸೂರ್ಯ ನೇರ ಮೂಡುತ್ತಾನೆ. ಜನ ಅಲ್ಲಿಂದ ತೃಪ್ತರಾಗಿ ಬಸ್ಸು ಹತ್ತುತ್ತಾರೆ. ಅದೇ ಗುಡಿಯ ಹತ್ತಿರದ ದಿಬ್ಬದ ಮೇಲೆ ಬಂಡೆಯಲ್ಲಿ ಕೊರೆದ ಮಿಸ್ಕಾ ತೊಟ್ಟಿಗಳಿವೆ. ಗುಡಿ ಕಟ್ಟಿದವರ ಕಾಲದ್ದೇ ಇರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಮಳೆಗಾಲದಲ್ಲಿ ಅವು ಇಂದಿಗೂ ತುಂಬುತ್ತವೆ. ಸೂರ್ಯನನ್ನು ಲೆಕ್ಕ ಹಾಕಿದವರು ಬಾಯಾರಿಕೆಯನ್ನೂ ಲೆಕ್ಕ ಹಾಕಿದ್ದರು. ಮೊದಲನೆಯದಕ್ಕೆ ಫಲಕವಿದೆ, ಮಾರ್ಗದರ್ಶಿಯಿದ್ದಾನೆ. ಎರಡನೆಯದನ್ನು ನಾವೇ ಹುಡುಕಿಕೊಂಡು ಹೋಗಬೇಕು.

ಫಿನಿಷಿಯನ್ನರು ಬಿಟ್ಟುಹೋದ ಎರಡು ಅಮೃತಶಿಲೆಯ ಗಿಡ್ಡ ಕಂಬಗಳ ಮೇಲೆ ಅವರ ಲಿಪಿ, ಗ್ರೀಕ್ ಲಿಪಿ ಎರಡರಲ್ಲೂ ಶಾಸನವಿತ್ತು. 1758ರಲ್ಲಿ ಫ್ರಾನ್ಸಿನ ವಿದ್ವಾಂಸ ಬಾರ್ತೆಲೆಮಿ ಅವುಗಳ ಸಹಾಯದಿಂದಲೇ ಫಿನಿಷಿಯನ್ ಲಿಪಿಯನ್ನು ಓದಿದ. ಒಂದು ಕಂಬ ವಲೆಟ್ಟಾದಲ್ಲಿದೆ. ಇನ್ನೊಂದನ್ನು ಮುಂದೆ ನೈಟರ ಮುಖ್ಯಸ್ಥನಾದ ಗ್ರ್ಯಾಂಡ್ ಮಾಸ್ಟರ್ ಒಬ್ಬ ಫ್ರಾನ್ಸಿನ ದೊರೆಗೆ ಉಡುಗೊರೆ ಕೊಟ್ಟುಬಿಟ್ಟ, ಈಗ ಲೂವ್ರ್‌ನಲ್ಲಿದೆ. ಕ್ರಿ.ಶ. 870ರಲ್ಲಿ ಅರಬರು ಬಂದರು. ಜನರ ಮಾತಿನ ಬೇರು ಆ ಕಾಲದ್ದು: ಇಂದು ಯೂರೋಪ್ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಸೆಮೆಟಿಕ್ ಮೂಲದ್ದು ಮಾಲ್ಟೀಸ್ ಒಂದೇ. ಬರೆಯುವುದು ರೋಮನ್ ಲಿಪಿಯಲ್ಲಿ, ಆಡುವವರಲ್ಲಿ ಹೆಚ್ಚಿನವರು ಕ್ಯಾಥಲಿಕರು.

ಇನ್ನು 1565ರ ಮಹಾ ಮುತ್ತಿಗೆ. ಮಾಲ್ಟಾದಲ್ಲಿ ಇದನ್ನು ಹೇಳದ ಗೋಡೆಯಿಲ್ಲ. ಮೇ ತಿಂಗಳಲ್ಲಿ ಆಟೊಮನ್ ನೌಕಾಪಡೆ ಬಂತು. ಎದುರು ನಿಂತ ನೈಟರು ಸುಮಾರು 500. ಕೋಟೆಗಳನ್ನು ಹಿಡಿದುಕೊಂಡ ಉಳಿದವರಲ್ಲಿ ಬಹುಪಾಲು ಮಾಲ್ಟಾದ ರೈತರು, ಮೀನುಗಾರರು. ಕೀರ್ತಿ ಯಾರ ಪಾಲಾಯಿತೆಂದು ರಾಜಧಾನಿಯ ಹೆಸರೇ ಹೇಳುತ್ತದೆ. ಅದು ಗ್ರ್ಯಾಂಡ್ ಮಾಸ್ಟರ್ ಜಾನ್ ದ ಲ ವಲೆಟ್ಟನದು. ಮುತ್ತಿಗೆ ಹಾಕಿದವರು ಬಂದರಿನ ತುದಿಯ ಮಾರ್ಸಾ ಬಯಲಿನಲ್ಲಿ ಪಾಳೆಯ ಇಳಿದರು, ಯಾಕೆಂದರೆ ಸಿಹಿನೀರು ಇದ್ದದ್ದು ಅಲ್ಲಿ. ಅದನ್ನು ಮೊದಲೇ ಊಹಿಸಿದ ಲ ವಲೆಟ್ಟ ಆ ಬಾವಿಗಳಿಗೆ ನಾರು, ಕಹಿಸೊಪ್ಪು, ಹೊಲಸು ಹಾಕಿಸಿ ಕೆಡಿಸಿದ್ದ. ನೈಟರ ಸೇಂಟ್ ಎಲ್ಮೋ ಕೋಟೆ ಸುಮಾರು ಒಂದು ತಿಂಗಳು ಕಾದಾಡಿ ಜೂನ್ 23ರಂದು ಬಿತ್ತು. ಆದರೆ ಪಾಳೆಯದಲ್ಲಿ ಆಗಲೇ ರಕ್ತಭೇದಿ ಹರಡಿತ್ತು. ಸೆಪ್ಟೆಂಬರ್ 8ಕ್ಕೆ ಮುತ್ತಿಗೆ ತೆರವಾಯಿತು. ಆ ದಿನ ಇಂದಿಗೂ ಅಲ್ಲಿ ರಾಷ್ಟ್ರೀಯ ಹಬ್ಬ, ಬಂದರಿನಲ್ಲಿ ದೋಣಿ ಪಂದ್ಯ. ಫಿರಂಗಿ, ಕತ್ತಿಗಳಷ್ಟೇ ಆ ಕೆಟ್ಟ ನೀರೂ ಯುದ್ಧ ಮಾಡಿತು ಎನ್ನುವವರಲ್ಲಿ ನಾನೂ ಒಬ್ಬ.

1566ರ ಮಾರ್ಚ್ 28ರಂದು ಹೊಸ ನಗರ ವಲೆಟ್ಟಾಕ್ಕೆ ಅಡಿಗಲ್ಲು ಬಿತ್ತು. ಪೋಪ್ ಕಳಿಸಿದ ಎಂಜಿನಿಯರ್ ಫ್ರಾಂಚೆಸ್ಕೊ ಲಾಪರೆಲ್ಲಿ ಬರಿಯ ಬಂಡೆಯ ಮೇಲೆ ಗೆರೆ ಎಳೆದಂತೆ ನೇರ ಬೀದಿಗಳನ್ನು ಹಾಕಿದ; ಮಾಲ್ಟಾದವನೇ ಆದ ಜಿರೊಲಾಮೊ ಕಸ್ಸಾರ್ ಮುಂದುವರಿಸಿದ. ಕಟ್ಟಡದ ನಿಯಮಗಳಲ್ಲಿ ಒಂದು: ಪ್ರತಿ ಮನೆಗೂ ಸ್ವಂತ ಬಾವಿ ಇರತಕ್ಕದ್ದು. ಮುತ್ತಿಗೆ ಕಂಡವರು ಬರೆದ ನಿಯಮ ಅದು. ಆದರೆ ಜನ ಹೆಚ್ಚಿದಂತೆ ಮಳೆನೀರು ಸಾಲದಾಯಿತು.

ಇಲ್ಲಿ ಅಲೋಫ್ ದ ವಿನ್ಯಾಕೂರ್ ಎಂಬ ಗ್ರ್ಯಾಂಡ್ ಮಾಸ್ಟರನ ಪ್ರವೇಶ. ಕಲಾಪ್ರಿಯರಿಗೆ ಅವನು ಕಾರವಾಜ್ಜೊ ಬರೆದ ಭಾವಚಿತ್ರದ ಮೂಲಕ ಪರಿಚಿತ. ರೋಮಿನಲ್ಲಿ ಕೊಲೆ ಮಾಡಿ ತಲೆಮರೆಸಿಕೊಂಡಿದ್ದ ಆ ಚಿತ್ರಕಾರ 1607ರಲ್ಲಿ ಮಾಲ್ಟಾಕ್ಕೆ ಬಂದ. ಮರುವರ್ಷ ವಿನ್ಯಾಕೂರ್ ಅವನನ್ನು ನೈಟನನ್ನಾಗಿಯೂ ಮಾಡಿದ. ಸಂತ ಜಾನರ ಶಿರಚ್ಛೇದದ ದೊಡ್ಡ ಚಿತ್ರ ಇಂದೂ ವಲೆಟ್ಟಾದ ಸಂತ ಜಾನರ ಚರ್ಚಿನ ಪ್ರಾರ್ಥನಾಮಂದಿರದಲ್ಲಿದೆ. ಐದು ಮೀಟರಿಗೂ ಅಗಲವಾದ ಆ ಪಟದಲ್ಲಿ ಅರ್ಧಕ್ಕರ್ಧ ಕತ್ತಲೆ. ನೆಲದಲ್ಲಿ ಹರಡಿದ ರಕ್ತದಿಂದಲೇ ಎಳೆದಂತೆ ಕಾರವಾಜ್ಜೊ ತನ್ನ ಹೆಸರು ಬರೆದಿದ್ದಾನೆ. ಅವನು ಸಹಿ ಹಾಕಿದ ಚಿತ್ರ ಇದೊಂದೇ. ಅದೇ ವರ್ಷ ಜಗಳವೊಂದರಲ್ಲಿ ಸೆರೆಬಿದ್ದು ತಪ್ಪಿಸಿಕೊಂಡ. ಡಿಸೆಂಬರ್ 1ರಂದು ನೈಟರ ಸಭೆ ಅವನನ್ನು ಪಂಥದಿಂದ ಹೊರಹಾಕಿತು. ಸಭೆ ಸೇರಿದ್ದು ಆ ಚಿತ್ರದ ಮುಂದೆಯೇ.

ಇದೇ ವಿನ್ಯಾಕೂರ್ 1610ರಿಂದ 1615ರವರೆಗೆ, ಬಹುಮಟ್ಟಿಗೆ ತನ್ನ ಕೈಯಿಂದಲೇ ಹಣ ಹಾಕಿ, ರಬತ್ ಕಡೆಯ ಎತ್ತರದ ಊಟೆಗಳಿಂದ ವಲೆಟ್ಟಾಕ್ಕೆ ಸುಮಾರು 16 ಕಿಲೋಮೀಟರ್ ಉದ್ದದ ಮೇಲ್ಗಾಲುವೆ ಕಟ್ಟಿಸಿದ. ನೆಲ ತಗ್ಗಾದ ಕಡೆ ಕಮಾನುಗಳ ಮೇಲೆ, ಉಳಿದೆಡೆ ನೆಲದಡಿಯಲ್ಲಿ ನೀರು ಹರಿದು 1615ರ ಏಪ್ರಿಲಿನಲ್ಲಿ ಅರಮನೆಯ ಮುಂದಿನ ಚೌಕದಲ್ಲಿ ಕಾರಂಜಿಯಾಗಿ ಚಿಮ್ಮಿತು. ಅಟ್ಟಾರ್ಡಿನಿಂದ ಸಾಂತಾ ವೆನೆರಾದತ್ತ ಬಸ್ಸಿನಲ್ಲಿ ಹೋದರೆ ಆ ಕಮಾನುಗಳು ರಸ್ತೆಯುದ್ದಕ್ಕೂ ಜೊತೆಯಲ್ಲೇ ಬರುತ್ತವೆ. ಕಾರವಾಜ್ಜೊನ ಚಿತ್ರದ ಮುಂದೆ ಸಾಲು ನಿಂತವರಲ್ಲಿ ಇಲ್ಲಿ ಬಸ್ಸಿಳಿಯುವವರನ್ನು ನಾನು ಕಾಣಲಿಲ್ಲ. ವಿನ್ಯಾಕೂರನಿಗೆ ನಾನು ಅಂಕ ಕೊಡುವುದಾದರೆ ಕಾಲುವೆಗೇ ಹೆಚ್ಚು ಕೊಡುತ್ತೇನೆ. ಜೊತೆಗೆ ಇದನ್ನೂ ಹೇಳಬೇಕು: ಆ ವೈಭವದ ಕಾಲದುದ್ದಕ್ಕೂ ನೈಟರ ಯುದ್ಧನೌಕೆಗಳಲ್ಲಿ ಹುಟ್ಟು ಹಾಕುತ್ತಿದ್ದವರಲ್ಲಿ ಅನೇಕರು ಸೆರೆಹಿಡಿದು ತಂದ ಗುಲಾಮರು.

ನೈಟರ ಆಳ್ವಿಕೆ ಮುಗಿದದ್ದೂ ನೀರಿನ ನೆಪದಿಂದ. 1798ರ ಜೂನಿನಲ್ಲಿ ಈಜಿಪ್ಟಿಗೆ ಹೊರಟ ನೆಪೋಲಿಯನ್ ತನ್ನ ಭಾರಿ ನೌಕಾಪಡೆಯನ್ನು ಹೊರಗೆ ನಿಲ್ಲಿಸಿ, ಹಡಗುಗಳಿಗೆ ನೀರು ತುಂಬಿಕೊಳ್ಳಲು ಬಂದರಿನೊಳಗೆ ಬಿಡಿ ಎಂದು ಹೇಳಿಕಳಿಸಿದ. ಒಮ್ಮೆಗೆ ಕೆಲವೇ ಹಡಗುಗಳು ಬರಬಹುದೆಂದು ಉತ್ತರ ಬಂತು. ಕಾದಿದ್ದ ನೆಪ ಸಿಕ್ಕಿತು. ಕೆಲವೇ ದಿನಗಳಲ್ಲಿ ನೈಟರು ಶರಣಾದರು. ಅವನು ಗುಲಾಮಗಿರಿಯನ್ನು ರದ್ದು ಮಾಡಿದ, ಚರ್ಚುಗಳ ಬೆಳ್ಳಿಬಂಗಾರ ದೋಚಿದ, ಒಂದು ವಾರದೊಳಗೆ ಪಡೆಯೊಂದನ್ನು ಬಿಟ್ಟು ಮುಂದೆ ಹೋದ. ಈ ಯಾತ್ರೆಯ ಇನ್ನೊಂದು ತುದಿ ನಮ್ಮಲ್ಲಿದೆ. 1799ರ ಜನವರಿಯಲ್ಲಿ ಕೈರೋದಿಂದ ನೆಪೋಲಿಯನ್ ಟಿಪ್ಪು ಸುಲ್ತಾನನಿಗೆ ಪತ್ರ ಬರೆದ. ಅದು ದಾರಿಯಲ್ಲೇ ಬ್ರಿಟಿಷರ ಕೈಗೆ ಸಿಕ್ಕಿತು. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಮಡಿದ. ಆ ಹೊತ್ತಿಗೆ ಮಾಲ್ಟಾದ ಜನ ದಂಗೆಯೆದ್ದು ಫ್ರೆಂಚರನ್ನು ವಲೆಟ್ಟಾದೊಳಗೆ ಕೂಡಿಹಾಕಿ ತಿಂಗಳುಗಳೇ ಆಗಿದ್ದವು. 1800ರ ಸೆಪ್ಟೆಂಬರಿನಲ್ಲಿ ಫ್ರೆಂಚರು ಶರಣಾದದ್ದು ಮಾತ್ರ ಬ್ರಿಟಿಷರಿಗೆ. ದಂಗೆಯೆದ್ದವರನ್ನು ಒಪ್ಪಂದಕ್ಕೆ ಸಹಿ ಹಾಕಲು ಕರೆಯಲೂ ಇಲ್ಲ.

ಬ್ರಿಟಿಷರ ಕಾಲದಲ್ಲಿ ಮಾಲ್ಟಾ ಭಾರತದ ದಾರಿಯ ಮೆಟ್ಟಿಲಾಯಿತು; 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲಂತೂ ಹೇಳುವುದೇ ಬೇಡ. 1878ರಲ್ಲಿ ರಷ್ಯಾವನ್ನು ಬೆದರಿಸಲೆಂದು ಸುಮಾರು 7,000 ಭಾರತೀಯ ಸೈನಿಕರನ್ನು ಅಲ್ಲಿಗೆ ತಂದಿಳಿಸಿದರು. 1888ರಲ್ಲಿ ಬ್ಯಾರಿಸ್ಟರ್ ಆಗಲು ಹೊರಟಿದ್ದ ಹದಿನೆಂಟರ ಹರೆಯದ ಗಾಂಧಿಯ ಹಡಗು ಅಲ್ಲಿ ನಿಂತಿತು. ಇಳಿದು ಚರ್ಚನ್ನೂ ಶಸ್ತ್ರಾಗಾರವನ್ನೂ ನೋಡಿದ್ದನ್ನು ಅವರು ದಿನಚರಿಯಲ್ಲಿ ಬರೆದಿದ್ದಾರೆ. ಮೊದಲ ಮಹಾಯುದ್ಧದಲ್ಲಿ ದೇವಬಂದಿನ ಮೌಲಾನಾ ಮಹಮೂದ್ ಹಸನ್ ಮತ್ತು ಅವರ ಶಿಷ್ಯ ಹುಸೇನ್ ಅಹ್ಮದ್ ಮದನಿ ಬ್ರಿಟಿಷರ ಸೆರೆಯಾಳುಗಳಾಗಿ ಅಲ್ಲಿದ್ದರು, 1920ರವರೆಗೆ. ಸಿಂಧಿ ವರ್ತಕರು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೋಗಿ ಅಂಗಡಿಯಿಟ್ಟರು. ಆ ಮನೆತನಗಳವರು ಈಗಲೂ ಇದ್ದಾರೆ. ಇವತ್ತು ಬಸ್ಸಿನ ಚಾಲಕರಲ್ಲಿ, ಊಟ ತಲುಪಿಸುವ ಹುಡುಗರಲ್ಲಿ, ಆಸ್ಪತ್ರೆಯ ನರ್ಸುಗಳಲ್ಲಿ ನಮ್ಮವರು ಧಾರಾಳ. ಬಿಸಿ ಪಸ್ತಿತ್ಸಿಯನ್ನು ಎಲ್ಲಿ ತಿನ್ನಬೇಕೆಂದು ನನಗೆ ಹೇಳಿದವನೂ ಒಬ್ಬ ಮಲಯಾಳಿಯೇ. ಗರಿಗರಿ ಪದರಗಳೊಳಗೆ ರಿಕೊಟ್ಟಾ ಗಿಣ್ಣು ಅಥವಾ ಬಟಾಣಿಯ ಹೂರಣ ತುಂಬಿದ ತಿಂಡಿ ಅದು. ಶಾಕಾಹಾರಿಗಳು ಹಿಟ್ಟಿಗೆ ಯಾವ ಕೊಬ್ಬು ಹಾಕಿದ್ದಾರೆಂದು ಕೇಳಿಯೇ ತಿನ್ನುವುದು ಕ್ಷೇಮ.

ಎರಡನೆಯ ಮಹಾಯುದ್ಧದಲ್ಲಿ ಬಂದರು ಮತ್ತೊಮ್ಮೆ ಬೆಂಕಿಯನ್ನು ಕರೆದು ತಂದಿತು. 1940ರ ಜೂನ್ 11ರಂದು ಮೊದಲ ಬಾಂಬು ಬಿತ್ತು. 1942ರಲ್ಲಿ 154 ದಿನ ಬಿಡುವಿಲ್ಲದೆ ಬಿದ್ದವು. ಜನ ಬಂಡೆ ಕೊರೆದು ನೆಲದೊಳಗೆ ಸೇರಿಕೊಂಡರು, ಬಾವಿ ಕೊರೆಯುವ ಕೈಗಳಿಗೆ ಅದು ಹೊಸದೇನಲ್ಲ. ಏಪ್ರಿಲ್ 9ರಂದು ಮೋಸ್ತಾ ಊರಿನ ಚರ್ಚಿನ ಗುಮ್ಮಟವನ್ನು ಸೀಳಿ ಬಾಂಬೊಂದು ಪ್ರಾರ್ಥನೆಗೆ ಸೇರಿದ್ದವರ ನಡುವೆ ಬಿತ್ತು, ಸಿಡಿಯಲಿಲ್ಲ. ಏಪ್ರಿಲ್ 15ರಂದು ದೊರೆ ಆರನೆಯ ಜಾರ್ಜ್ ಇಡೀ ದ್ವೀಪಕ್ಕೆ ಜಾರ್ಜ್ ಕ್ರಾಸ್ ಪದಕ ಕೊಟ್ಟ. ಪದಕದಿಂದ ಹೊಟ್ಟೆ ತುಂಬುವುದಿಲ್ಲವಲ್ಲ, ಆಗಸ್ಟಿನ ಹೊತ್ತಿಗೆ ಹಿಟ್ಟು, ಎಣ್ಣೆ ಮುಗಿದು ಶರಣಾಗುವ ದಿನವನ್ನೇ ಎಣಿಸುವ ಸ್ಥಿತಿ. ನೆರವಿಗೆ ಹೊರಟ 14 ಸರಕು ಹಡಗುಗಳಲ್ಲಿ ತಲುಪಿದ್ದು ಐದು. ಕೊನೆಯದಾದ ಓಹಾಯೋ ಎಂಬ ತೈಲನೌಕೆ ಬೆನ್ನು ಮುರಿದು, ಎರಡು ಯುದ್ಧನೌಕೆಗಳ ನಡುವೆ ಕಟ್ಟಿಸಿಕೊಂಡು, ಆಗಸ್ಟ್ 15ರಂದು ಗ್ರ್ಯಾಂಡ್ ಹಾರ್ಬರ್ ಹೊಕ್ಕಿತು. ಅಂದು ಮೇರಿಮಾತೆಯ ಹಬ್ಬ.

ಸ್ವಾತಂತ್ರ್ಯ ಬಂದದ್ದು 1964ರ ಸೆಪ್ಟೆಂಬರ್ 21ರಂದು, ಗಣರಾಜ್ಯ 1974ರಲ್ಲಿ. ಕೊನೆಯ ಬ್ರಿಟಿಷ್ ಪಡೆ ಹೊರಟದ್ದು 1979ರ ಮಾರ್ಚ್ 31ರಂದು. ಮಾಲ್ಟಾದವರು ಮೂರನ್ನೂ ಬೇರೆಬೇರೆ ಹಬ್ಬವಾಗಿ ಆಚರಿಸುತ್ತಾರೆ. ಯಾವುದು ನಿಜವಾದ ಬಿಡುಗಡೆ ಎಂಬ ಬಗ್ಗೆ ಅವರ ಎರಡು ದೊಡ್ಡ ಪಕ್ಷಗಳಿಗೆ ಒಮ್ಮತವಿಲ್ಲ.

ಬಂದರು ಅವರದೇ ಆಯಿತು, ಬಾವಿಯ ಪಾಡು ಬದಲಾಯಿತು. 1982ರಲ್ಲಿ ಘಾರ್ ಲಾಪ್ಸಿ ಎಂಬಲ್ಲಿ ಕಡಲನೀರನ್ನು ಒತ್ತಡದಿಂದ ಸೋಸಿ ಉಪ್ಪು ತೆಗೆಯುವ ಸ್ಥಾವರ ಬಂತು. ಇಂದು ನಲ್ಲಿಯಲ್ಲಿ ಬರುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥ ಸ್ಥಾವರಗಳದ್ದು. ಉಳಿದದ್ದು ಅಂತರ್ಜಲ. ಕೊಳವೆಬಾವಿಗಳು ಅದನ್ನು ಮಿತಿಮೀರಿ ಎಳೆಯುವುದರಿಂದ ಕೆಳಗಿನಿಂದ ಉಪ್ಪುನೀರು ಏರುತ್ತಿದೆ. ಹೊಸ ಕಟ್ಟಡಕ್ಕೂ ಮಳೆನೀರಿನ ಬಾವಿ ಬೇಕೆಂಬ ಕಾನೂನು ಈಗಲೂ ಇದೆ. ಆದರೆ ಅಪಾರ್ಟ್‌ಮೆಂಟು ಕಟ್ಟುವವರಿಗೆ ಆ ಜಾಗ ಕಾರು ನಿಲ್ಲಿಸಲು ಬೇಕು. 2024ರಲ್ಲಿ ಅಲ್ಲಿಗೆ ಬಂದ ಪ್ರವಾಸಿಗರು 35 ಲಕ್ಷ ಮೀರಿದರು. ಹೈಪೊಜಿಯಂಗೆ ದಿನಕ್ಕೆ 80 ಎಂದು ಮಿತಿ ಹಾಕಿದ ದೇಶಕ್ಕೆ ದ್ವೀಪಕ್ಕೇ ಮಿತಿ ಹಾಕುವ ಧೈರ್ಯ ಬಂದಿಲ್ಲ. ಹೊಟ್ಟೆಪಾಡು ಅದರಲ್ಲೇ ಇರುವಾಗ ಬರುವುದೂ ಕಷ್ಟ.

ಕಡಲನೀರು ಸೋಸಲು ವಿದ್ಯುತ್ತು ಬೇಕು. ಅದರಲ್ಲೊಂದು ಪಾಲು ಸಿಸಿಲಿಯಿಂದ ಕಡಲಡಿಯ ಕೇಬಲ್ಲಿನಲ್ಲಿ ಬರುತ್ತದೆ. ಇನ್ನೊಂದು ಪಾಲಿಗೆ ಬೇಕಾದ ಅನಿಲ ಹಡಗಿನಲ್ಲಿ ಬರುತ್ತದೆ. ದಕ್ಷಿಣದ ಮಾರ್ಸಶ್ಲೋಕ್ ಕೊಲ್ಲಿಯಲ್ಲಿ, ವಿದ್ಯುತ್ ಸ್ಥಾವರದ ಪಕ್ಕದಲ್ಲಿ, ದ್ರವಾನಿಲ ತುಂಬಿಟ್ಟ ದೊಡ್ಡ ಹಡಗೊಂದನ್ನು 2016ರಿಂದ ಕಟ್ಟಿ ನಿಲ್ಲಿಸಿದ್ದಾರೆ. ಅಂದರೆ ಬಾವಿಯ ಕೆಲಸವನ್ನೂ ಈಗ ಬಂದರೇ ಮಾಡುತ್ತಿದೆ. ಅದೇ ಕೊಲ್ಲಿಯಲ್ಲಿ ಹಳದಿ, ನೀಲಿ, ಕೆಂಪು ಪಟ್ಟೆಗಳ, ಮೂತಿಯ ಎರಡೂ ಪಕ್ಕ ಕಣ್ಣು ಬರೆದ ಮೀನುದೋಣಿಗಳಿವೆ. ಭಾನುವಾರ ಮೀನುಸಂತೆಗೆ ಬಂದವರೆಲ್ಲ ಅವುಗಳ ಫೋಟೋ ತೆಗೆಯುತ್ತಾರೆ, ಹಿಂದಿನ ಹಡಗು ಕಾಣದಂತೆ ತುಸು ಪಕ್ಕಕ್ಕೆ ಸರಿದು. ನೀವು ಹೋದಾಗ ಆ ಹಡಗನ್ನೂ ಸೇರಿಸಿ ತೆಗೆಯಿರಿ. ಸಂಜೆ ಹೋಟೆಲಿನಲ್ಲಿ ನಿಮ್ಮ ಸ್ನಾನಕ್ಕೆ ನೀರು ಬರುವುದು ಅದರ ದೆಸೆಯಿಂದ.